ನೋಟವೂ ಊಟವೂ: ಕೊಡಗಿನಲ್ಲಿ ದಂಪತಿಗಳ ರಜಾಯಾತ್ರೆ

ವರ್ಷವಿಡೀ ಕಚೇರಿಯ ಹೊಣೆ, ಮನೆಯ ದುಡಿಮೆ, ಮಕ್ಕಳ ವಿದ್ಯಾಭ್ಯಾಸದ ಚಿಂತೆ ಇವುಗಳ ನಡುವೆ ಸಾವಧಾನವಾಗಿ ಕುಳಿತು ನಾಲ್ಕು ಮಾತಾಡಲೂ ವೇಳೆ ಸಾಲದೆ ದಿನಗಳನ್ನು ನೂಕುವ ಗಂಡಹೆಂಡಿರು, ರಜೆಯೆಂಬ ಸ್ವಲ್ಪ ಬಿಡುವು ದೊರೆತೊಡನೆ ಎಲ್ಲಿಗಾದರೂ ಹೊರಟುಬಿಡಬೇಕೆಂದು ಹಂಬಲಿಸುವುದು ಸಹಜ. ಹಾಗೆ ಹೊರಟವರಲ್ಲಿ ಬಹುಮಂದಿ ಕೊಡಗಿನ ಹಾದಿಯನ್ನು ಹಿಡಿಯುವುದೂ ಅಷ್ಟೇ ಸಹಜ. ಆದರೆ ಅವರಲ್ಲಿ ಅನೇಕರು ರಾಜಾಸೀಟು, ಅಬ್ಬಿ ಜಲಪಾತ, ದುಬಾರೆಯ ಆನೆ ಶಿಬಿರ, ತಲಕಾವೇರಿ ಎಂದು ಒಂದು ಪಟ್ಟಿಯನ್ನು ಕೈಯಲ್ಲಿ ಹಿಡಿದು, ಒಂದೊಂದು ಕಡೆಯಲ್ಲಿಯೂ ಚಿತ್ರ ತೆಗೆಸಿಕೊಂಡು, ತಮ್ಮ ಊರಿನಲ್ಲಿ ದಿನವೂ ದೊರೆಯುವ ಊಟವನ್ನೇ ಇಲ್ಲಿಯ ಹೋಟೆಲುಗಳಲ್ಲಿಯೂ ಕೇಳಿ ಉಂಡು ಮರಳುತ್ತಾರೆ. ಇಷ್ಟು ದೂರ ಬಂದವರು ಕೊಡಗನ್ನು ಅರ್ಧ ಮಾತ್ರ ಕಂಡು ಹೋದರಲ್ಲಾ ಎಂಬ ವ್ಯಥೆಯೇ ಈ ಲೇಖನಕ್ಕೆ ಪ್ರೇರಣೆ. ಈ ನಾಡಿನ ನೋಟವೂ ಊಟವೂ ಒಂದೇ ಮಳೆಯಿಂದ, ಒಂದೇ ಮಣ್ಣಿನಿಂದ ಹುಟ್ಟಿದವು. ಒಂದನ್ನು ಬಿಟ್ಟು ಮತ್ತೊಂದನ್ನು ಅರಿಯುವುದು ಸಾಧ್ಯವಿಲ್ಲವೆಂಬುದು ನನ್ನ ದೃಢವಾದ ನಂಬಿಕೆ.

ಪಶ್ಚಿಮಘಟ್ಟದ ಮಡಿಲಲ್ಲಿ ಸುಮಾರು 4100 ಚದರ ಕಿಲೋಮೀಟರುಗಳಷ್ಟು ಹರಡಿಕೊಂಡಿರುವ ಕೊಡಗು ವಿಸ್ತಾರದಲ್ಲಿ ಚಿಕ್ಕ ಜಿಲ್ಲೆಯೇ ಸರಿ. ಆದರೆ ಅದರ ಪಶ್ಚಿಮದ ಅಂಚಿನಲ್ಲಿರುವ ಭಾಗಮಂಡಲದ ಸುತ್ತ ವರ್ಷಕ್ಕೆ 5000 ಮಿಲಿಮೀಟರುಗಳನ್ನು ಮೀರಿ ಸುರಿಯುವ ಮಳೆ, ಪೂರ್ವದಂಚಿನ ಕುಶಾಲನಗರವನ್ನು ಮುಟ್ಟುವ ವೇಳೆಗೆ ಬಹುಮಟ್ಟಿಗೆ ಬಲಗುಂದಿರುತ್ತದೆ. ಈ ವ್ಯತ್ಯಾಸದಿಂದಲೇ ಒಂದು ಕಡೆ ನಿತ್ಯಹರಿದ್ವರ್ಣದ ಕಾಡು, ನಡುವೆ ನೆರಳುಮರಗಳ ಅಡಿಯ ಕಾಫಿತೋಟ, ತಗ್ಗಿನಲ್ಲಿ ಮೆಟ್ಟಿಲುಮೆಟ್ಟಿಲಾದ ಭತ್ತದ ಗದ್ದೆ, ಮತ್ತೊಂದು ಕಡೆ ಬಿದಿರು ಹಾಗೂ ತೇಗದ ಎಲೆಯುದುರುವ ವನ, ಇವೆಲ್ಲ ಒಂದೇ ದಿನದ ಪ್ರಯಾಣದಲ್ಲಿ ಕಣ್ಣಿಗೆ ಬೀಳುತ್ತವೆ. ಕೊಡಗಿನವರ ತಟ್ಟೆಗೆ ಬೀಳುವ ಪದಾರ್ಥಗಳೂ ಇವೇ ನಾಲ್ಕು ನೆಲೆಗಳಿಂದ ಬಂದವು.

ಜಿಲ್ಲೆಯೊಳಕ್ಕೆ ರೈಲುಮಾರ್ಗವಿಲ್ಲದ ಕಾರಣ ರಸ್ತೆಯನ್ನೇ ಆಶ್ರಯಿಸಬೇಕು. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಬರುವವರಿಗೆ ಗಡಿಯ ಈಚೆಗೇ, ಮೈಸೂರು ಜಿಲ್ಲೆಗೆ ಸೇರಿದ ಬೈಲಕುಪ್ಪೆಯಲ್ಲಿ ಟಿಬೆಟನ್ನರ ನೆಲೆಯೂ ಅದರ ಸ್ವರ್ಣಬುದ್ಧನ ವಿಹಾರವೂ ಎದುರಾಗುತ್ತವೆ. ಅಲ್ಲಿಂದ ಕಾವೇರಿಯನ್ನು ದಾಟಿ ಕುಶಾಲನಗರವನ್ನು ಹೊಕ್ಕು, ಸುಂಟಿಕೊಪ್ಪದ ಮೇಲೆ ಏರುತ್ತ ಹೋದಂತೆ ಗಾಳಿ ತಣ್ಣಗಾಗಿ, ಬಯಲಿನ ಬಿಸಿಲು ಹಿಂದುಳಿದು, ಇಕ್ಕೆಲಗಳ ತೋಟಗಳ ನೆರಳು ರಸ್ತೆಯನ್ನು ಆವರಿಸಿಕೊಳ್ಳುತ್ತದೆ. ಡಿಸೆಂಬರಿನ ರಜೆಯಲ್ಲಿ ನಾನೂ ನನ್ನ ಪತ್ನಿಯೂ ಈ ಹಾದಿಯಲ್ಲಿ ಬಂದಾಗ ಅರಾಬಿಕಾ ಕಾಫಿಯ ಕೊಯ್ಲು ನಡೆದಿತ್ತು. ಮನೆಗಳ ಮುಂದಿನ ಕಣಗಳಲ್ಲಿ ಹರಡಿದ ಹಣ್ಣಿನ ಹುಳಿಗಂಪು ರಸ್ತೆಯವರೆಗೂ ಬರುತ್ತಿತ್ತು.

ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯು ಕೊಡಗನ್ನಾಳಿದ ಹಾಲೇರಿ ಅರಸರ ರಾಜಧಾನಿಯಾದದ್ದು 17ನೆಯ ಶತಮಾನದ ಉತ್ತರಾರ್ಧದಲ್ಲಿ, ಮುದ್ದುರಾಜನ ಕಾಲದಲ್ಲಿ. ಅವನು ಕಟ್ಟಿಸಿದ ಮಣ್ಣಿನ ಕೋಟೆಯನ್ನು ಟಿಪ್ಪು ಸುಲ್ತಾನನು ಕಲ್ಲಿನಲ್ಲಿ ಪುನಃ ಕಟ್ಟಿಸಿದನು. ಈಗ ಕಾಣುವ ಅರಮನೆಗೆ ರೂಪುಕೊಟ್ಟವನು 1812ರಿಂದ 1814ರ ಅವಧಿಯಲ್ಲಿ ಅದೇ ವಂಶದ ಲಿಂಗರಾಜೇಂದ್ರನು. ಕೋಟೆಯೊಳಗೆ ಚರ್ಚನ್ನು ಎಬ್ಬಿಸಿದವರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು. ಆ ಚರ್ಚನ್ನು ವಸ್ತುಸಂಗ್ರಹಾಲಯವಾಗಿ ಮಾಡಿದವರು ಸ್ವತಂತ್ರ ಭಾರತದವರು. ಒಂದೇ ಆವರಣದಲ್ಲಿ ನಾಲ್ಕು ಆಳ್ವಿಕೆಗಳ ಗುರುತುಗಳು ಹೀಗೆ ಒತ್ತಾಗಿ ನಿಂತಿರುವುದನ್ನು ನೋಡಿದವರಿಗೆ ಈ ಪುಟ್ಟ ನಾಡಿನ ಚರಿತ್ರೆ ಎಷ್ಟು ಸಾಂದ್ರವಾದುದೆಂಬುದು ಗೈಡಿನ ಸಹಾಯವಿಲ್ಲದೆಯೇ ಮನದಟ್ಟಾಗುತ್ತದೆ.

ಕೋಟೆಯಿಂದ ಕೆಳಗೆ, ಇಳಿಜಾರಿನಲ್ಲಿರುವ ಓಂಕಾರೇಶ್ವರ ದೇವಾಲಯವನ್ನು 1820ರಲ್ಲಿ ಕಟ್ಟಿಸಿದವನೂ ಲಿಂಗರಾಜೇಂದ್ರನೇ. ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರುಗಳು, ಮುಂದೆ ತಿಳಿನೀರಿನ ಕೊಳ, ಒಳಗೆ ಕಾಶಿಯಿಂದ ಬಂದುದೆಂದು ಪ್ರತೀತಿಯಿರುವ ಶಿವಲಿಂಗ: ಇಸ್ಲಾಮೀ ವಾಸ್ತುಶೈಲಿಯನ್ನು ಶೈವಭಕ್ತನೊಬ್ಬನು ಎಷ್ಟು ನಿಸ್ಸಂಕೋಚವಾಗಿ ತನ್ನದನ್ನಾಗಿ ಮಾಡಿಕೊಂಡನೆಂಬುದಕ್ಕೆ ಇದಕ್ಕಿಂತ ಸುಂದರವಾದ ನಿದರ್ಶನ ಕನ್ನಡನಾಡಿನಲ್ಲಿ ವಿರಳ. ಊರಿನ ಒಂದು ಮನೆ, ಜನರಲ್ ತಿಮ್ಮಯ್ಯನವರ ಮನೆತನದ ‘ಸನ್ನಿಸೈಡ್’, ಈಗ ಅವರ ಸ್ಮಾರಕ ವಸ್ತುಸಂಗ್ರಹಾಲಯವಾಗಿದೆ. ಭಾರತೀಯ ಭೂಸೇನೆಯ ಪ್ರಥಮ ಭಾರತೀಯ ದಂಡನಾಯಕರಾಗಿ 1949ರ ಜನವರಿ 15ರಂದು ಅಧಿಕಾರ ವಹಿಸಿಕೊಂಡ ಕಾರ್ಯಪ್ಪನವರೂ ಇದೇ ನಾಡಿನವರು. ಸಂಜೆಯಾಗುತ್ತಲೆ ರಾಜಾಸೀಟಿನ ಕಡೆಗೆ ಹರಿಯುವ ಜನಸಮೂಹದಲ್ಲಿ ಸೇರಿಕೊಳ್ಳುವ ಮುನ್ನ ಒಂದು ಗಂಟೆಯನ್ನು ಈ ಮನೆಗೆ ಮೀಸಲಿಡುವುದು ಉಚಿತ.

ದಂಪತಿಗಳಾಗಿ ಬಂದವರು ಮಡಿಕೇರಿಯ ಗದ್ದಿಗೆಯೆಂಬ ರಾಜಸಮಾಧಿಗಳನ್ನೂ, ಕಕ್ಕಬ್ಬೆಯ ಸಮೀಪದ ನಾಲ್ಕುನಾಡು ಅರಮನೆಯನ್ನೂ ಒಂದೇ ಕಥೆಯ ಎರಡು ಅಧ್ಯಾಯಗಳೆಂದು ತಿಳಿದು ನೋಡಬೇಕು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಡಗಿನ ಅರಸ ದೊಡ್ಡವೀರರಾಜೇಂದ್ರನು, ಶತ್ರುಗಳಿಗೆ ಸುಲಭವಾಗಿ ನಿಲುಕದ ನೆಲೆಯೊಂದು ಬೇಕೆಂದು 1792ರಿಂದ 1794ರ ನಡುವೆ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಆ ಅರಮನೆಯನ್ನು ಕಟ್ಟಿಸಿದನು. 1796ರಲ್ಲಿ ಮಹಾದೇವಮ್ಮಾಜಿಯನ್ನು ವರಿಸಿದ್ದೂ ಅಲ್ಲಿಯೇ. ಆ ರಾಣಿಯು 1807ರಲ್ಲಿ ತೀರಿಕೊಂಡಾಗ ಅರಸನು ಆ ದುಃಖವನ್ನು ತಾಳಲಾರದೆ ಹೋದನೆಂದು ಚರಿತ್ರೆ ಹೇಳುತ್ತದೆ. ಎರಡೇ ವರ್ಷಗಳಲ್ಲಿ ಅವನೂ ಅವಳನ್ನು ಹಿಂಬಾಲಿಸಿದನು. ಮಡಿಕೇರಿಯ ಗದ್ದಿಗೆಯ ನಡುವಿನ ಸಮಾಧಿ ಇವರಿಬ್ಬರದು. ಮರದ ಕಂಬಗಳ, ತಗ್ಗು ಬಾಗಿಲುಗಳ, ಮಬ್ಬುಗತ್ತಲಿನ ಆ ಚಿಕ್ಕ ಅರಮನೆಯಲ್ಲಿ ವೈಭವವನ್ನು ಅರಸಿ ಹೋದವರಿಗೆ ಆಶಾಭಂಗವಾದೀತು. ಮನುಷ್ಯರನ್ನು ಅರಸಿ ಹೋದವರಿಗೆ ಆಗಲಾರದು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನು 1834ರಲ್ಲಿ ಶರಣಾಗುವ ಮುನ್ನ ಆಶ್ರಯ ಪಡೆದದ್ದೂ ಈ ಮನೆಯಲ್ಲೇ. ಅವನ ದುರಂತವನ್ನು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯಲ್ಲಿ ಓದಿಕೊಂಡು ಬಂದವರಿಗೆ ಇಲ್ಲಿಯ ಗೋಡೆಗಳು ಹೊಸದಾಗಿ ಕಾಣುತ್ತವೆ.

ಇದೇ ಕಕ್ಕಬ್ಬೆಯಲ್ಲಿ ಪಾಡಿ ಇಗ್ಗುತ್ತಪ್ಪನ ದೇವಾಲಯವಿದೆ. ಕೊಡವರಿಗೆ ಇಗ್ಗುತ್ತಪ್ಪನು ಮಳೆಬೆಳೆಗಳ ದೇವರು. ನವೆಂಬರಿನ ಕೊನೆಗೋ ಡಿಸೆಂಬರಿನ ಆದಿಗೋ ಬರುವ ಪುತ್ತರಿ (ಹುತ್ತರಿ) ಹಬ್ಬದ ಮುಹೂರ್ತ ನಿಶ್ಚಯವಾಗುವುದು ಅವನ ಸನ್ನಿಧಿಯಲ್ಲಿ. ಆ ರಾತ್ರಿ ಮನೆಮಂದಿಯೆಲ್ಲ ಗದ್ದೆಗೆ ಇಳಿದು, ಕೋವಿಯಿಂದ ಗುಂಡು ಹಾರಿಸಿ, ‘ಪೊಲಿ ಪೊಲಿ’ ಎಂಬ ಘೋಷದೊಡನೆ ಹೊಸ ಭತ್ತದ ಕದಿರನ್ನು ಕೊಯ್ದು ಮನೆಗೆ ತರುತ್ತಾರೆ. ಮಡಿಕೇರಿಯಲ್ಲಿ ಉಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರಿಂದ ‘ಹುತ್ತರಿ ಹಾಡ’ನ್ನು ಬರೆಯಿಸಿದ್ದೂ ಈ ಹಬ್ಬವೇ. ಭತ್ತವೇ ಈ ಜನರ ಹಬ್ಬದ ಕೇಂದ್ರವೆಂಬ ಸಂಗತಿಯನ್ನು ಪ್ರವಾಸಿಗನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಲ್ಲಿಯ ಅಡುಗೆಯ ಮರ್ಮವೆಲ್ಲ ಅದರಲ್ಲಿದೆ.

ಮಡಿಕೇರಿಯಿಂದ ಸುಮಾರು 40 ಕಿಲೋಮೀಟರ್ ದೂರದ ಭಾಗಮಂಡಲದಲ್ಲಿ ಕಾವೇರಿಯನ್ನು ಕನ್ನಿಕೆಯು ಕೂಡುತ್ತಾಳೆ. ಸುಜ್ಯೋತಿಯು ಗುಪ್ತಗಾಮಿನಿಯಾಗಿ ಸೇರುತ್ತಾಳೆಂಬುದು ನಂಬಿಕೆ. ಮಲೆಯಾಳದ ಶೈಲಿಯ ಇಳಿಜಾರು ಮಾಡುಗಳ ಭಗಂಡೇಶ್ವರ ದೇವಾಲಯ ಆ ಮಳೆಯ ನಾಡಿಗೆ ಎಷ್ಟು ಯೋಗ್ಯವೆಂಬುದು ಜುಲೈ ತಿಂಗಳಲ್ಲಿ ಹೋದವರಿಗೆ ಗೊತ್ತು. ಅಲ್ಲಿಂದ ಮೇಲಕ್ಕೆ ಸುಮಾರು 8 ಕಿಲೋಮೀಟರ್ ಏರಿದರೆ ಬ್ರಹ್ಮಗಿರಿಯ ಪಾರ್ಶ್ವದಲ್ಲಿ ತಲಕಾವೇರಿ. ತುಲಾಸಂಕ್ರಮಣದ ದಿನ, ಎಂದರೆ ಸಾಮಾನ್ಯವಾಗಿ ಅಕ್ಟೋಬರ್ 17ರಂದು, ಇಲ್ಲಿಯ ಪುಟ್ಟ ಕುಂಡಿಕೆಯಲ್ಲಿ ಆಗುವ ತೀರ್ಥೋದ್ಭವವನ್ನು ನೋಡಲು ಸಹಸ್ರಾರು ಜನ ಸೇರುತ್ತಾರೆ. ತನ್ನನ್ನು ಎಂದೂ ಒಂಟಿಯಾಗಿ ಬಿಟ್ಟುಹೋಗಬಾರದೆಂಬ ಕರಾರಿನ ಮೇಲೆ ಅಗಸ್ತ್ಯನ ಕೈಹಿಡಿದ ಕಾವೇರಿಯು, ಮುನಿಯು ತನ್ನನ್ನು ಕಮಂಡಲುವಿನಲ್ಲಿರಿಸಿ ಸ್ನಾನಕ್ಕೆ ಹೋದ ಗಳಿಗೆಯಲ್ಲಿ ನದಿಯಾಗಿ ಹರಿದುಬಿಟ್ಟಳೆಂದು ಪುರಾಣ. ಸುಮಾರು 800 ಕಿಲೋಮೀಟರ್ ಹರಿದು ಎರಡು ರಾಜ್ಯಗಳಿಗೆ ಅನ್ನವಿಡುವ ನದಿಯ ಕಥೆ, ಕೊಟ್ಟ ಮಾತನ್ನು ಮರೆತ ಗಂಡನಿಂದ ಮೊದಲಾಗುತ್ತದೆಂಬುದನ್ನು ಅಲ್ಲಿಗೆ ಬರುವ ಪ್ರತಿಯೊಂದು ಜೋಡಿಯೂ ಸ್ವಲ್ಪ ಹೊತ್ತು ಚಿಂತಿಸಿದರೆ ಯಾತ್ರೆ ಸಾರ್ಥಕವಾದೀತು.

ಇನ್ನು ಊಟದ ಮಾತು. ನಾಪೋಕ್ಲು ಕಡೆಯ ಒಂದು ಕೊಡವ ಮನೆಯಲ್ಲಿ ನಾವು ಅತಿಥಿಗಳಾಗಿದ್ದೆವು. ಮನೆಯ ಹಿರಿಯ ಗೃಹಿಣಿ ಮೊದಲು ಬಡಿಸಿದ್ದು ಕಡಂಬುಟ್ಟು: ಅಕ್ಕಿಯ ತರಿಯನ್ನು ನೀರಿನಲ್ಲಿ ಬೇಯಿಸಿ, ಕೈಯಲ್ಲಿ ಉಂಡೆ ಕಟ್ಟಿ, ಹಬೆಯಲ್ಲಿ ಮತ್ತೆ ಬೇಯಿಸಿದ್ದು. ಅಕ್ಕಿಹಿಟ್ಟನ್ನು ಬೇಯಿಸಿ ಶಾವಿಗೆಯ ಒರಳಿನಲ್ಲಿ ಒತ್ತಿ ಎಳೆಗಳಾಗಿ ಇಳಿಸಿದರೆ ಅದು ನೂಲ್‌ಪುಟ್ಟು. ತರಿಗೆ ಹಾಲನ್ನೂ ತೆಂಗಿನ ತುರಿಯನ್ನೂ ಕೂಡಿಸಿ ತಟ್ಟೆಯಲ್ಲಿ ಹಬೆಗಿಟ್ಟರೆ ಪಾಪುಟ್ಟು. ಅನ್ನವನ್ನು ಅಕ್ಕಿಹಿಟ್ಟಿನೊಡನೆ ನಾದಿ ತಟ್ಟಿ ಸುಟ್ಟರೆ ಅಕ್ಕಿ ಒಟ್ಟಿ. ಒಂದೇ ಧಾನ್ಯವನ್ನು ಇಷ್ಟು ಬಗೆಯಲ್ಲಿ ಮಾರ್ಪಡಿಸಿದ ಈ ಕೌಶಲ ಮಳೆನಾಡಿನ ಅವಶ್ಯಕತೆಯಿಂದಲೇ ಬೆಳೆದದ್ದು. ಗೋಧಿಯೂ ರಾಗಿಯೂ ಸಮೃದ್ಧವಾಗಿ ಬೆಳೆಯದ, ತಿಂಗಳುಗಟ್ಟಲೆ ಹೊರಗೆ ಏನನ್ನೂ ಒಣಗಿಸಲಾಗದ ಸೀಮೆಯಲ್ಲಿ ಕಣಜದ ಅಕ್ಕಿಯೂ ಒಲೆಯ ಹಬೆಯೂ ಗೃಹಿಣಿಯರಿಗೆ ನಂಬಿಕೆಯ ಆಸರೆಗಳಾದವು.

ಕಡಂಬುಟ್ಟಿನ ಜೊತೆಗಾರನೆಂದರೆ ಪಂದಿಕರಿ, ಎಂದರೆ ಹಂದಿಮಾಂಸದ ಸಾರು. ಕರಿಮೆಣಸು, ಕೊತ್ತಂಬರಿ, ಜೀರಿಗೆ, ಸಾಸಿವೆ ಇವುಗಳನ್ನು ಕಪ್ಪಗಾಗುವವರೆಗೆ ಹುರಿದು ಪುಡಿಮಾಡಿ, ಮಾಂಸ ಬೆಂದ ಮೇಲೆ ಅದಕ್ಕೆ ಕೂಡಿಸಿ, ಕಡೆಯಲ್ಲಿ ಕಾಚಂಪುಳಿಯನ್ನು ಹಾಕುತ್ತಾರೆ. ನನ್ನ ಪತ್ನಿ ಮಾಂಸಾಹಾರಿಯಲ್ಲ, ಆದರೂ ಬಾಟಲಿಯಲ್ಲಿದ್ದ ಆ ಕಪ್ಪು ರಸವನ್ನು ಕಂಡು ಕುತೂಹಲದಿಂದ, “ಇಷ್ಟು ಕಪ್ಪಾಗುವುದಕ್ಕೆ ಏನು ಹಾಕುತ್ತೀರಿ, ಅಮ್ಮ?” ಎಂದು ಕೇಳಿದಳು. “ಏನೂ ಹಾಕುವುದಿಲ್ಲ, ಮಗಳೇ. ಹಣ್ಣಿನ ರಸವೇ ಅದು. ಮಳೆಗಾಲದಲ್ಲಿ ಬಿದ್ದ ಹಣ್ಣನ್ನೆಲ್ಲ ಹೆಕ್ಕಿ ಬುಟ್ಟಿಯಲ್ಲಿಡುತ್ತೇವೆ, ರಸ ತಾನೇ ಇಳಿಯುತ್ತದೆ. ಮತ್ತೆ ಸಣ್ಣ ಉರಿಯಲ್ಲಿ ಕಾಯಿಸುತ್ತ ಕೂರಬೇಕು. ಅವಸರ ಮಾಡಿದರೆ ಕೆಟ್ಟಿತು,” ಎಂದರು ಆಕೆ.

ಆ ಹಣ್ಣು ಮಲೆನಾಡಿನ ಇತರ ಕಡೆಗಳಲ್ಲಿ ಉಪ್ಪಾಗೆ ಎನಿಸಿಕೊಳ್ಳುವ, ಪುನರ್ಪುಳಿಯ ಜಾತಿಗೆ ಸೇರಿದ ಮರದ್ದು. ರಸವನ್ನು ಜೇನಿನಷ್ಟು ಮಂದವಾಗುವವರೆಗೆ ಬತ್ತಿಸಿದರೆ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಅದರ ಆಮ್ಲ ಮಾಂಸವನ್ನು ಮೃದುಗೊಳಿಸುವುದಲ್ಲದೆ ಕೊಬ್ಬಿನ ಜಿಡ್ಡನ್ನು ಸಮತೂಕಕ್ಕೆ ತಂದು ಅಡುಗೆಯನ್ನು ಬೇಗ ಹಳಸದಂತೆಯೂ ಕಾಪಾಡುತ್ತದೆ. ಹಿಂದೆ ಬೇಟೆಯ ಕಾಡುಹಂದಿಯಿಂದ ಆಗುತ್ತಿದ್ದ ಈ ಖಾದ್ಯ, ಬೇಟೆಯು ಕಾನೂನಿನಿಂದ ನಿಷಿದ್ಧವಾದ ಮೇಲೆ ಸಾಕುಹಂದಿಯ ಮಾಂಸದಿಂದ ಆಗುತ್ತಿದೆ. ಆದರೆ ಕಾಚಂಪುಳಿಯ ಸ್ಥಾನವನ್ನು ಮಾತ್ರ ಹುಣಿಸೆಗೋ ವಿನಿಗರಿಗೋ ಕೊಡಲು ಇಲ್ಲಿಯ ಒಳ್ಳೆಯ ಅಡುಗೆಯವರು ಒಪ್ಪುವುದಿಲ್ಲ.

ಕೊಡಗಿನಲ್ಲಿ ಸಸ್ಯಾಹಾರಿಗಳಿಗೆ ಊಟವಿಲ್ಲವೆಂಬ ಮಾತು ಶುದ್ಧ ಅಪವಾದ. ಬಿದಿರಿನ ಎಳೆ ಮೊಳಕೆಯಾದ ಕಣಿಲೆಯನ್ನು ಹೆಚ್ಚಿ, ಅದರ ಕಹಿಯೂ ವಿಷಾಂಶವೂ ಹೋಗುವಂತೆ ನೀರನ್ನು ಬದಲಿಸುತ್ತ ನೆನೆಯಿಟ್ಟು ಮಾಡುವ ಬೈಂಬಳೆ ಕರಿ, ಮಳೆ ಹಿಡಿದಾಗ ಮಣ್ಣಿನಿಂದ ಏಳುವ ಅಣಬೆಯ ಕುಮ್ಮುಕರಿ, ತೊರೆಯಂಚಿನ ತೆರ್ಮೆ ಸೊಪ್ಪಿನ ಪಲ್ಯ, ಕೆಸುವಿನೆಲೆಯ ಸಾರು, ಬೆಲ್ಲ ಹಾಕಿದ ಕಾಡುಮಾವಿನ ಕರಿ, ಅಕ್ಕಿ ಒಟ್ಟಿಗೆ ಎಳ್ಳಿನ ಪಜ್ಜಿಯೂ ತುಪ್ಪವೂ ಜೇನೂ: ಇವುಗಳಲ್ಲಿ ಬಹುಪಾಲು ಕಾಡು ತಾನಾಗಿ ಕೊಟ್ಟದ್ದು. ನಮಗೆ ಡಿಸೆಂಬರಿನಲ್ಲಿ ದೊರೆತದ್ದು ಉಪ್ಪುನೀರಿನಲ್ಲಿಟ್ಟು ಕಾಪಾಡಿದ ಕಣಿಲೆ. ಹಸಿಯದನ್ನು ಉಣ್ಣಬೇಕಾದರೆ ಮಳೆಗಾಲದಲ್ಲಿಯೇ ಬರಬೇಕೆಂದು ಮನೆಯವರು ಸೂಚಿಸಿದರು. ಕೊಡವರ ಅಡುಗೆಯಷ್ಟೇ ಕೊಡಗಿನ ಅಡುಗೆಯೆಂದೂ ಭಾವಿಸಬಾರದು. ಅರೆಭಾಷೆಯ ಗೌಡರು, ಮಾಪಿಳ್ಳೆಯರು, ಕಾಡಿನ ಜೇನನ್ನೂ ಗೆಡ್ಡೆಗಳನ್ನೂ ಬಲ್ಲ ಯರವರು ಹಾಗೂ ಕುರುಬರು, ಹೀಗೆ ಅನೇಕ ಜನಾಂಗಗಳ ಒಲೆಗಳು ಈ ನಾಡಿನಲ್ಲಿ ಉರಿಯುತ್ತವೆ.

ಊಟದ ಅಂತ್ಯಕ್ಕೆ ಬೆಲ್ಲದ ಕಾಫಿ. 1854ರಲ್ಲಿ ಮಡಿಕೇರಿಯಲ್ಲಿ ಫೌಲರ್ ಎಂಬ ಆಂಗ್ಲನು ಕಾಫಿತೋಟವನ್ನು ತೆರೆದ ತರುವಾಯ ಹಬ್ಬಿದ ಈ ಕೃಷಿ ಇಂದು ಬೆಟ್ಟಗಳ ರೂಪವನ್ನೇ ಮಾರ್ಪಡಿಸಿದೆ. ದೇಶದ ಕಾಫಿಯಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಈ ಒಂದೇ ಜಿಲ್ಲೆಯದು. ತೋಟದ ನೆರಳುಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ, ತಗ್ಗಿನಲ್ಲಿ ಏಲಕ್ಕಿ, ನಡುನಡುವೆ ಕಿತ್ತಳೆ. ತೆಳುಸಿಪ್ಪೆಯ ಕೊಡಗಿನ ಕಿತ್ತಳೆ ಒಂದು ಕಾಲದಲ್ಲಿ ನಾಡಿನ ಹೆಸರನ್ನು ದೂರದೂರಿಗೆ ಒಯ್ದಿತ್ತು. ಮರಗಳಿಗೆ ರೋಗ ತಗುಲಿ ಬೆಳೆ ಕುಗ್ಗಿದ ಮೇಲೆ ಈಗ ಅದನ್ನು ಹುಡುಕಿ ಕೊಳ್ಳಬೇಕಾಗಿದೆ. ಸಿಕ್ಕಿದಲ್ಲಿ ಕೊಳ್ಳುವುದು ಬೆಳೆಗಾರನಿಗೆ ಮಾಡುವ ಉಪಕಾರವೂ ಹೌದು.

ಯಾವ ರಜೆಯಲ್ಲಿ ಹೋಗುವುದೆಂಬುದನ್ನು ಹಬ್ಬದ ಪಂಚಾಂಗವನ್ನೂ ಅಡುಗೆಯ ಪಂಚಾಂಗವನ್ನೂ ಒಟ್ಟಿಗೆ ನೋಡಿ ನಿಶ್ಚಯಿಸುವುದು ಮೇಲು. ದಸರೆಯ ರಜೆಯಲ್ಲಿ ಹೋದವರಿಗೆ ಮಡಿಕೇರಿಯ ನಾಲ್ಕು ಶಕ್ತಿದೇವತೆಗಳ ಕರಗಗಳೂ, ವಿಜಯದಶಮಿಯ ಇರುಳಿಡೀ ಸಾಗುವ ದಶಮಂಟಪಗಳ ಮೆರವಣಿಗೆಯೂ ದೊರೆಯುತ್ತವೆ. ಬೇಸಗೆಯ ರಜೆಯಲ್ಲಿ, 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ನೋಡಬಹುದು. ಒಂದೊಂದು ಮನೆತನವೂ ಒಂದೊಂದು ತಂಡವಾಗಿ, ಅಜ್ಜನೂ ಮೊಮ್ಮಗಳೂ ಒಟ್ಟಿಗೆ ಕೋಲು ಹಿಡಿದು ಆಡುವ ಕ್ರೀಡಾಕೂಟ ಅಪರೂಪವಾದದ್ದು. ಮಳೆಗಾಲದ ನಡುವೆ, ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮದ್ದುಸೊಪ್ಪಿನ ರಸದಲ್ಲಿ ಅಕ್ಕಿಯನ್ನು ಬೇಯಿಸಿ ಕಡುನೇರಳೆ ಬಣ್ಣದ ಪಾಯಸವನ್ನೂ ಪುಟ್ಟನ್ನೂ ಮಾಡುತ್ತಾರೆ. ಆ ದಿನ ಆ ಗಿಡದಲ್ಲಿ ಹದಿನೆಂಟು ಬಗೆಯ ಔಷಧಿಗಳು ಕೂಡಿರುತ್ತವೆಂಬುದು ಹಿರಿಯರ ನಂಬಿಕೆ. ನಾಟಿಯ ಕೆಸರಿನಲ್ಲಿಯೂ ಚಳಿಯಲ್ಲಿಯೂ ದುಡಿಯುವ ದೇಹಕ್ಕೆ ಬಿಸಿ ಪಾಯಸ ಹಿತವಾದುದೆಂಬುದರಲ್ಲಿ ಸಂದೇಹವಿಲ್ಲ. ಸೆಪ್ಟೆಂಬರಿನ ಆದಿಯಲ್ಲಿ, ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳಿಗೆ ಪೂಜೆ, ಕಡಂಬುಟ್ಟು ಪಂದಿಕರಿಗಳ ಔತಣ.

ಇಷ್ಟೆಲ್ಲವನ್ನೂ ಹೊತ್ತಿರುವ ನೆಲ ಎಷ್ಟು ಸೂಕ್ಷ್ಮವಾದುದೆಂಬುದನ್ನು 2018ರ ಆಗಸ್ಟ್ ತಿಂಗಳು ತೋರಿಸಿಕೊಟ್ಟಿತು. ಆ ಮಳೆಯಲ್ಲಿ ಮಕ್ಕಂದೂರಿನ ಸುತ್ತಮುತ್ತ ಬೆಟ್ಟಗಳು ಕುಸಿದು ಮನೆ, ತೋಟ, ಗದ್ದೆಗಳು ಮಣ್ಣುಪಾಲಾದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬಳಿಯ ಬೆಟ್ಟವೇ ಜಾರಿ ಅರ್ಚಕರ ಕುಟುಂಬವನ್ನು ಬಲಿತೆಗೆದುಕೊಂಡಿತು. ಇಳಿಜಾರನ್ನು ಕಡಿದು ಎಬ್ಬಿಸುವ ಕಟ್ಟಡಗಳೂ, ರಜೆಯ ದಿನಗಳಲ್ಲಿ ಕಿರಿದಾದ ರಸ್ತೆಗಳಲ್ಲಿ ಮೈಲುಗಟ್ಟಲೆ ನಿಲ್ಲುವ ವಾಹನಗಳೂ, ತೊರೆಗಳ ಅಂಚಿನಲ್ಲಿ ಬೀಳುವ ಪ್ಲಾಸ್ಟಿಕ್ಕೂ ಈ ನೆಲಕ್ಕೆ ಹೊರಲಾಗದ ಭಾರ. ಹಿರಿಯರು ದೇವರ ಹೆಸರಿನಲ್ಲಿ ಕೊಡಲಿಯಿಂದ ಕಾಪಾಡಿದ 1200ಕ್ಕೂ ಹೆಚ್ಚು ದೇವರಕಾಡುಗಳು ಕೊಡಗಿನಲ್ಲಿವೆ. ಕಾಡಿನೊಡನೆ ಬಾಳುವ ರೀತಿಯನ್ನು ಇವರು ನಮಗಿಂತ ಬಹಳ ಹಿಂದೆಯೇ ಬಲ್ಲರು. ಅತಿಥಿಗಳಾದ ನಾವು ಆ ಕಟ್ಟಳೆಯನ್ನು ಅನುಸರಿಸಿ ನಡೆಯುವುದೇ ಸೌಜನ್ಯ.

ಆದುದರಿಂದ ರಜೆಗೆ ಹೊರಟ ದಂಪತಿಗಳಲ್ಲಿ ನನ್ನ ಬಿನ್ನಹವಿಷ್ಟು. ಹತ್ತು ಸ್ಥಳಗಳ ಆಸೆಯನ್ನು ಬಿಟ್ಟು ಎರಡು ಮೂರನ್ನು ಆರಿಸಿಕೊಂಡು, ಅಲ್ಲಿ ನಿಧಾನವಾಗಿ ನಿಲ್ಲಿರಿ. ದೊಡ್ಡ ರೆಸಾರ್ಟಿಗಿಂತ, ಸರ್ಕಾರದಲ್ಲಿ ನೋಂದಾಯಿತವಾದ, ಮನೆಯವರೇ ವಾಸವಾಗಿದ್ದು ನಡೆಸುವ ಹೋಂಸ್ಟೇಯನ್ನು ಹುಡುಕಿರಿ. ಹೋಗುವ ಮುನ್ನವೇ ಫೋನು ಮಾಡಿ, ಆ ಕಾಲಕ್ಕೆ ಮನೆಯಲ್ಲಿ ಏನು ಮಾಡುತ್ತಾರೋ ಅದನ್ನೇ ಉಣ್ಣುತ್ತೇವೆಂದು ತಿಳಿಸಿರಿ. ಮಳೆಗಾಲದಲ್ಲಿ ಹೊರಡುವುದಾದರೆ ಜಿಲ್ಲಾಡಳಿತದ ಸೂಚನೆಗಳನ್ನು ನೋಡಿಕೊಂಡು ಹೊರಡಿರಿ. ಐನ್‌ಮನೆಗಳನ್ನು ಕಂಡೊಡನೆ ಒಳಹೊಗದೆ, ಅವು ಮನೆತನಗಳ ಪೂರ್ವಜರ ಪೂಜಾಸ್ಥಾನಗಳೆಂಬುದನ್ನು ನೆನೆದು ಅನುಮತಿ ಕೇಳಿರಿ.

ಕಡೆಯದಾಗಿ ಒಂದು ಮಾತು. ಕೊಡಗಿನ ಪುಟ್ಟುಗಳೆಲ್ಲ ಅಕ್ಕಿಯವು, ಕೊಡಗಿನ ದೊಡ್ಡ ಹಬ್ಬ ಭತ್ತದ್ದು. ಆದರೆ ಕೂಲಿಯ ಅಭಾವದಿಂದ, ಕಾಡಾನೆಗಳ ಹಾವಳಿಯಿಂದ, ಕಾಫಿಯಷ್ಟು ಲಾಭವಿಲ್ಲದ ಕಾರಣದಿಂದ ಗದ್ದೆಗಳನ್ನು ಪಾಳು ಬಿಡುವವರೂ, ಅವುಗಳನ್ನು ಕಟ್ಟಡಗಳಿಗೆ ಮಾರುವವರೂ ಹೆಚ್ಚುತ್ತಿದ್ದಾರೆ. ಗದ್ದೆಯು ಅನ್ನವನ್ನು ಕೊಡುವುದರ ಜೊತೆಗೆ ಮಳೆನೀರನ್ನು ತಡೆದು ನಿಲ್ಲಿಸಿ ಕಾವೇರಿಗೆ ಇಷ್ಟಿಷ್ಟಾಗಿ ಬಿಡುವ ಕೆರೆಯೂ ಆಗಿದೆ. ಅದು ಹೋದರೆ ನೋಟವೂ ಊಟವೂ ನದಿಯೂ ಒಟ್ಟಿಗೆ ಬಡವಾಗುತ್ತವೆ. ಕೊಡಗಿಗೆ ಹೋದ ಪ್ರತಿಯೊಂದು ಜೋಡಿಯೂ ಸ್ಥಳೀಯ ಅಕ್ಕಿಯ ಊಟವನ್ನು ಕೇಳಿ ಉಂಡು, ಮರಳುವಾಗ ರೈತನಿಂದಲೇ ಒಂದಿಷ್ಟು ಅಕ್ಕಿಯನ್ನೋ ಜೇನನ್ನೋ ಕಾಚಂಪುಳಿಯನ್ನೋ ನ್ಯಾಯವಾದ ಬೆಲೆ ತೆತ್ತು ಕೊಂಡು ತರಲಿ. ಗದ್ದೆಯನ್ನು ಉಳಿಸಿಕೊಳ್ಳಬೇಕೆಂಬ ಬೆಳೆಗಾರನ ಮನಸ್ಸಿಗೆ ಪ್ರವಾಸಿಗನಿಂದ ಆಗಬಹುದಾದ ಬೆಂಬಲ ಇದೇ.